ಸೌಮ್ಯ ಸ್ವಭಾವದ ಝಾರ್‌ನ ಕಾಲದಲ್ಲೇ ಕ್ರಾಂತಿಯಾದದ್ದು ಏಕೆ?

ಪ್ರಶ್ನೆ: ರಷ್ಯಾದ ಕೊನೆಯ ಝಾರ್ ಎರಡನೇ ನಿಕೋಲಾಸ್ ಸಭ್ಯನೂ ದೈವಭಕ್ತನೂ ಹೆಂಡತಿ ಮಕ್ಕಳನ್ನು ಬಹಳ ಪ್ರೀತಿಸುತ್ತಿದ್ದವನೂ ಆಗಿದ್ದನೆಂದು ಓದಿದ್ದೇನೆ. ಅವನ ತಂದೆ ಮೂರನೇ ಅಲೆಕ್ಸಾಂಡರ್ ಮಗನಿಗಿಂತ ಎಷ್ಟೋ ಕಠೋರ. ಆದರೂ ತಂದೆ ಚಕ್ರವರ್ತಿಯಾಗಿಯೇ ಕಾಯಿಲೆಯಿಂದ ತೀರಿಕೊಂಡ, ಮಗ ಸಿಂಹಾಸನವನ್ನೂ ಜೀವವನ್ನೂ ಕಳೆದುಕೊಂಡ. ಮುನ್ನೂರು ವರ್ಷ ಆಳಿದ ವಂಶವೊಂದು ಒಬ್ಬನ ದೌರ್ಬಲ್ಯದಿಂದ ಉರುಳಲು ಸಾಧ್ಯವೇ? ಅಥವಾ ಕ್ರಾಂತಿ ಹೇಗಿದ್ದರೂ ಆಗುತ್ತಿತ್ತೇ?

ಉತ್ತರ: ಮೊದಲು ‘ದೌರ್ಬಲ್ಯ’ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ನಿಕೋಲಾಸ್ ದಡ್ಡನಾಗಿರಲಿಲ್ಲ. ಅವನ ನೆನಪಿನ ಶಕ್ತಿ ಚೆನ್ನಾಗಿತ್ತು, ಹಲವು ಭಾಷೆಗಳು ಬರುತ್ತಿದ್ದವು, ದಿನಚರಿಯಲ್ಲಿ ಶಿಸ್ತಿತ್ತು. ಎದುರಿಗೆ ನಿಂತವನಿಗೆ ‘ಇಲ್ಲ’ ಎಂದು ಹೇಳಲಾರದ ಸಂಕೋಚ ಅವನ ಕೊರತೆಯಾಗಿತ್ತು. ಮಂತ್ರಿಯೊಬ್ಬನನ್ನು ನಗುಮುಖದಿಂದ ಮಾತನಾಡಿಸಿ ಕಳುಹಿಸಿ, ವಜಾ ಮಾಡಿದ ಆದೇಶವನ್ನು ಆಮೇಲೆ ಪತ್ರದ ಮೂಲಕ ತಲುಪಿಸುವ ರೂಢಿ ಅವನಿಗಿತ್ತು. ಇಷ್ಟೇ ಆಗಿದ್ದರೆ ಅದೊಂದು ಸಾಮಾನ್ಯ ಮನುಷ್ಯನ ಕೊರತೆ. ಆದರೆ ಇದರ ಜೊತೆಯಲ್ಲೇ, ದೇವರು ತನಗೆ ವಹಿಸಿದ ಅಧಿಕಾರದಲ್ಲಿ ಕೂದಲೆಳೆಯಷ್ಟನ್ನೂ ಬೇರೆಯವರಿಗೆ ಬಿಟ್ಟುಕೊಡುವುದು ಪಾಪವೆಂಬ ಅಚಲ ನಂಬಿಕೆಯೂ ಅವನಲ್ಲಿತ್ತು. ತಾನೂ ಆಳಲಾರ, ಇನ್ನೊಬ್ಬರಿಗೂ ಆಳಲು ಬಿಡಲಾರ. ನನ್ನ ತಿಳಿವಳಿಕೆಯಲ್ಲಿ ರಷ್ಯಾದ ಅರಸೊತ್ತಿಗೆಯ ಪತನಕ್ಕೆ ಕೇವಲ ಅವನ ಮೆದುತನ ಕಾರಣವಲ್ಲ. ಮೆದು ಸ್ವಭಾವವೂ ಹಟದ ನಂಬಿಕೆಯೂ ಒಂದೇ ವ್ಯಕ್ತಿಯಲ್ಲಿ ಸೇರಿದ್ದು ಕಾರಣ.

ಹೋಲಿಕೆಗೆ ಅವನ ಚಿಕ್ಕಮ್ಮ-ದೊಡ್ಡಮ್ಮನ ಮಕ್ಕಳ ಸಂಬಂಧದಲ್ಲೇ ಒಬ್ಬ ಅರಸನಿದ್ದಾನೆ. ಬ್ರಿಟನ್ನಿನ ಐದನೇ ಜಾರ್ಜ್ ಮತ್ತು ನಿಕೋಲಾಸ್ ಇಬ್ಬರ ತಾಯಂದಿರು ಡೆನ್ಮಾರ್ಕ್ ರಾಜನ ಹೆಣ್ಣುಮಕ್ಕಳು. ಇಬ್ಬರ ಮುಖವೂ ಗುರುತು ತಪ್ಪುವಷ್ಟು ಒಂದೇ ತೆರನಾಗಿತ್ತು. ಜಾರ್ಜ್ ಕೂಡ ಅಸಾಧಾರಣ ಪ್ರತಿಭೆಯ ಅರಸನಲ್ಲ. ಬೇಟೆ, ಅಂಚೆಚೀಟಿ ಸಂಗ್ರಹ, ಮನೆಯ ಶಾಂತಿ ಇವುಗಳಲ್ಲಿ ಸುಖ ಕಂಡವನು. ಆದರೆ ಅವನ ದೇಶದಲ್ಲಿ ಸರ್ಕಾರ ತಪ್ಪು ಮಾಡಿದರೆ ಬೀಳುತ್ತಿದ್ದುದು ಮಂತ್ರಿಮಂಡಲ, ಕಿರೀಟವಲ್ಲ. ರಷ್ಯಾದಲ್ಲಿ ಅಂಥ ತಡೆಗೋಡೆ ಇರಲಿಲ್ಲ. 1897ರ ಜನಗಣತಿಯಲ್ಲಿ ವೃತ್ತಿಯ ಅಂಕಣದಲ್ಲಿ ನಿಕೋಲಾಸ್ ತನ್ನನ್ನು ‘ರಷ್ಯಾದ ನೆಲದ ಒಡೆಯ’ ಎಂದು ಬರೆದುಕೊಂಡ. ಆಗ ಸಾಮ್ರಾಜ್ಯದ ಜನಸಂಖ್ಯೆ ಹನ್ನೆರಡೂವರೆ ಕೋಟಿಗೂ ಹೆಚ್ಚು. ಒಡೆಯ ತಾನೊಬ್ಬನೇ ಎಂದಮೇಲೆ ಆ ನೆಲದಲ್ಲಾಗುವ ಪ್ರತಿಯೊಂದು ಅನಾಹುತದ ಹೊಣೆಯೂ ಒಬ್ಬನದೇ ಆಗುತ್ತದೆ.

ಆ ನಂಬಿಕೆ ಅವನಿಗೆ ಬಂದ ಬಗೆಯೂ ತಿಳಿದಿರಬೇಕು. 1881ರ ಮಾರ್ಚ್‌ನಲ್ಲಿ, ಜೀತ ರೈತರಿಗೆ ಬಿಡುಗಡೆ ಕೊಟ್ಟಿದ್ದ ಅವನ ಅಜ್ಜ ಎರಡನೇ ಅಲೆಕ್ಸಾಂಡರ್ ಕ್ರಾಂತಿಕಾರಿಗಳ ಬಾಂಬಿಗೆ ಬಲಿಯಾದಾಗ, ಛಿದ್ರವಾದ ಕಾಲುಗಳ ಆ ಮುದುಕ ಪ್ರಾಣ ಬಿಡುವುದನ್ನು ಹನ್ನೆರಡು ವರ್ಷದ ನಿಕೋಲಾಸ್ ಚಳಿಗಾಲದ ಅರಮನೆಯಲ್ಲಿ ಕಣ್ಣಾರೆ ಕಂಡಿದ್ದ. ಸುಧಾರಣೆ ಕೊಟ್ಟವನಿಗೆ ಸಿಕ್ಕ ಪ್ರತಿಫಲ ಇದು ಎಂಬ ಪಾಠವನ್ನು ಆ ಮನೆತನ ಅಂದು ಕಲಿತಿತು. ಪ್ರಜಾಪ್ರಾತಿನಿಧ್ಯವೆಂದರೆ ಸುಳ್ಳಿನ ಕಂತೆಯೆಂದು ನಂಬಿದ್ದ ಪೊಬೆಡೊನೊಸ್ಟ್ಸೆವ್ ರಾಜಕುಮಾರನ ಗುರುಗಳಲ್ಲಿ ಒಬ್ಬನಾಗಿ ಅದೇ ಪಾಠವನ್ನು ಗಟ್ಟಿಗೊಳಿಸಿದ. 1894ರಲ್ಲಿ ತಂದೆ ನಲವತ್ತೊಂಬತ್ತನೇ ವಯಸ್ಸಿಗೆ ಅನಿರೀಕ್ಷಿತವಾಗಿ ತೀರಿಕೊಂಡಾಗ ಇಪ್ಪತ್ತಾರರ ಮಗನಿಗೆ ರಾಜ್ಯಭಾರದ ತರಬೇತಿ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಮರುವರ್ಷದ ಜನವರಿಯಲ್ಲಿ, ಸ್ಥಳೀಯ ಸ್ವಯಮಾಡಳಿತ ಸಭೆಗಳಾದ ಜೆಮ್‌ಸ್ಟ್ವೊಗಳ ಪ್ರತಿನಿಧಿಗಳು ಶುಭಾಶಯ ಹೇಳಲು ಬಂದಾಗ, ಆಡಳಿತದಲ್ಲಿ ತಮಗೂ ಪಾಲು ಸಿಗಬಹುದೆಂದು ಅವರು ಆಶಿಸುವುದು ‘ಅರ್ಥಹೀನ ಕನಸು’ ಎಂದು ಅವನು ಮುಖಕ್ಕೆ ಹೊಡೆದಂತೆ ಹೇಳಿದ. ಬಂದಿದ್ದವರು ಕ್ರಾಂತಿಕಾರಿಗಳಲ್ಲ, ಭೂಮಾಲೀಕರು, ಊರಿನ ಗಣ್ಯರು, ಸಿಂಹಾಸನಕ್ಕೆ ನಿಷ್ಠರಾದವರು. ತನ್ನ ಪರವಾಗಿ ನಿಲ್ಲಬಹುದಾಗಿದ್ದ ಮಧ್ಯಮಮಾರ್ಗದವರನ್ನು ದೂರ ತಳ್ಳುವ ಕೆಲಸ ಅಲ್ಲಿಂದಲೇ ಶುರುವಾಯಿತು.

ಇನ್ನು ಆಡಳಿತದ ದಿನನಿತ್ಯದ ರೀತಿ. ಎಲ್ಲ ಮಂತ್ರಿಗಳೂ ಒಬ್ಬೊಬ್ಬರಾಗಿ ಝಾರ್‌ನ ಬಳಿ ಹೋಗಿ ವರದಿ ಒಪ್ಪಿಸಿ, ಅವನ ಒಪ್ಪಿಗೆ ಪಡೆದು ಬರುತ್ತಿದ್ದರು. 1905ರ ಅಕ್ಟೋಬರ್‌ವರೆಗೆ ನಿಜವಾದ ಅರ್ಥದಲ್ಲಿ ಪ್ರಧಾನಮಂತ್ರಿಯೇ ಇರಲಿಲ್ಲ. ಹಣಕಾಸು ಮಂತ್ರಿ ಕಾರ್ಖಾನೆಗಳನ್ನು ಬೆಳೆಸಲು ಹೊರಟರೆ, ಒಳಾಡಳಿತ ಮಂತ್ರಿ ಆ ಕಾರ್ಖಾನೆಗಳ ಕಾರ್ಮಿಕರನ್ನು ಅನುಮಾನದಿಂದ ನೋಡುತ್ತಿದ್ದ; ಎರಡು ನೀತಿಗಳನ್ನೂ ಒಬ್ಬನೇ ಅರಸ ಒಂದೇ ವಾರದಲ್ಲಿ ಅನುಮೋದಿಸಬಹುದಿತ್ತು. ಇವೆಲ್ಲವನ್ನೂ ಒಟ್ಟುಗೂಡಿಸಿ ನೋಡಬೇಕಾದ ಕೇಂದ್ರಸ್ಥಾನದಲ್ಲಿದ್ದ ನಿಕೋಲಾಸ್ ಒಬ್ಬ ಆಪ್ತ ಕಾರ್ಯದರ್ಶಿಯನ್ನೂ ಇಟ್ಟುಕೊಳ್ಳದೆ, ಲಕೋಟೆಗಳಿಗೆ ತಾನೇ ಮುದ್ರೆ ಒತ್ತುತ್ತಾ ಕುಳಿತಿರುತ್ತಿದ್ದ. ಬಲಿಷ್ಠ ವ್ಯಕ್ತಿತ್ವದ ಮಂತ್ರಿಗಳು ಅವನಿಗೆ ಬೇಕಾಗಿದ್ದರು, ಆದರೆ ಅವರ ಬಲವನ್ನು ಸಹಿಸುವುದು ಅವನಿಂದಾಗುತ್ತಿರಲಿಲ್ಲ. ಚಿನ್ನದ ಆಧಾರದ ನಾಣ್ಯ ಪದ್ಧತಿಯನ್ನು ತಂದ ಹಣಕಾಸು ಮಂತ್ರಿ ವಿಟ್ಟೆಯನ್ನೂ, ಅವನ ನಂತರ ಪ್ರಧಾನಿ ಸ್ಟೊಲಿಪಿನ್‌ನನ್ನೂ ಅವನು ಬಳಸಿಕೊಂಡ ರೀತಿಯಲ್ಲಿ ಇದು ಎದ್ದು ಕಾಣುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ತೊಡಕುಗಳನ್ನೂ ಅವನ ತಲೆಗೆ ಕಟ್ಟುವುದು ಅನ್ಯಾಯ. 1861ರಲ್ಲಿ ಬಿಡುಗಡೆಯಾದ ರೈತರು ತಮಗೆ ಸಿಕ್ಕ ಸಾಕಾಗದ ಭೂಮಿಗೆ ದಶಕಗಳ ಕಾಲ ಕಂತು ಕಟ್ಟುತ್ತಲೇ ಇದ್ದರು. ಜನಸಂಖ್ಯೆ ಏರುತ್ತಿತ್ತು, ಹಿಡುವಳಿ ಕಿರಿದಾಗುತ್ತಿತ್ತು. ಹಳ್ಳಿಯಿಂದ ಹೊರಟವರು ಸೇಂಟ್ ಪೀಟರ್ಸ್‌ಬರ್ಗ್‌ನ ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಸಾವಿರಗಟ್ಟಲೆ ಒಂದೆಡೆ ಸೇರಿದರು. ಅವರಿಗೆ ಸಂಘ ಕಟ್ಟುವ ಹಕ್ಕಿರಲಿಲ್ಲ. ಈ ಹೊರೆಯನ್ನು ಹೆಚ್ಚಾಗಿ ತಂದೆ ಮತ್ತು ಅಜ್ಜನ ಕಾಲದ ಆಡಳಿತ ಮಗನ ಕೈಗೆ ಕೊಟ್ಟು ಹೋಗಿತ್ತು. ಮೂರನೇ ಅಲೆಕ್ಸಾಂಡರ್ ತನ್ನ ಹದಿಮೂರು ವರ್ಷಗಳ ಆಳ್ವಿಕೆಯಲ್ಲಿ ದೊಡ್ಡ ಯುದ್ಧವನ್ನೇ ಎದುರಿಸಲಿಲ್ಲ ಎಂಬುದನ್ನೂ ಮರೆಯಬಾರದು. ಅವನ ಕಠೋರತೆ ದೇಶವನ್ನು ಉಳಿಸಿತು ಎನ್ನುವವರು ಅವನ ಅದೃಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೆ ಅಸಮಾಧಾನವೊಂದೇ ಕ್ರಾಂತಿಯಾಗುವುದಿಲ್ಲ. ಹಸಿದವರು ಜಗತ್ತಿನಲ್ಲಿ ಯಾವಾಗಲೂ ಇದ್ದರು. ಅರಸು ಮನೆತನಗಳೆಲ್ಲ ಬೀಳಲಿಲ್ಲ. ಝಾರ್‌ನ ಪಾಲಿಗೆ ಒಂದು ಅದೃಶ್ಯ ಆಸ್ತಿಯಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಯಲ್ಲಿರುವ ಭಾವನೆಯೇ ರಷ್ಯಾದ ಹಳ್ಳಿಗರಲ್ಲೂ ಇತ್ತು: ಝಾರ್ ಒಳ್ಳೆಯವನು, ನಡುವೆ ನಿಂತ ಅಧಿಕಾರಿಗಳು ಕೆಟ್ಟವರು, ನಮ್ಮ ಕಷ್ಟ ಅವನ ಕಿವಿಗೆ ಬಿದ್ದರೆ ಸಾಕು. 1905ರ ಜನವರಿ 9ರ ಭಾನುವಾರ (ಹಳೆಯ ರಷ್ಯನ್ ಪಂಚಾಂಗದ ಪ್ರಕಾರ, ನಾನಿಲ್ಲಿ ರಷ್ಯಾದ ಘಟನೆಗಳಿಗೆ ಕೊಡುವ ತಾರೀಖುಗಳೆಲ್ಲ ಅದರವೇ, 1900ರಿಂದೀಚೆಗೆ ಹದಿಮೂರು ದಿನ ಕೂಡಿಸಿಕೊಳ್ಳಬೇಕು) ಪಾದ್ರಿ ಗಪೋನ್‌ನ ಹಿಂದೆ ಹೊರಟ ಕಾರ್ಮಿಕರು ಈ ನಂಬಿಕೆಯನ್ನೇ ಹೊತ್ತು ನಡೆದರು. ಅವರ ಕೈಯಲ್ಲಿ ಝಾರ್‌ನ ಭಾವಚಿತ್ರಗಳಿದ್ದವು, ದೇವರ ಪಟಗಳಿದ್ದವು. ಎಂಟು ಗಂಟೆಯ ದುಡಿಮೆ, ಚುನಾಯಿತ ಸಂವಿಧಾನ ಸಭೆ ಮುಂತಾದ ಬೇಡಿಕೆಗಳ ಮನವಿಪತ್ರವನ್ನು ಅರಸನ ಕೈಗೇ ಕೊಡಬೇಕೆಂದು ಚಳಿಗಾಲದ ಅರಮನೆಯತ್ತ ಬಂದವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಸರ್ಕಾರವೇ ಒಪ್ಪಿಕೊಂಡ ಸಾವುಗಳು ನೂರನ್ನು ಮೀರಿದವು.

ಗುಂಡು ಹಾರಿಸಿರೆಂದು ನಿಕೋಲಾಸ್ ಹೇಳಿರಲಿಲ್ಲ. ಅವನು ಆ ದಿನ ರಾಜಧಾನಿಯಲ್ಲೇ ಇರದೆ ತ್ಸಾರ್ಸ್ಕೊಯೆ ಸೆಲೊದ ಅರಮನೆಯಲ್ಲಿದ್ದ. ಮೆರವಣಿಗೆ ಬರುತ್ತದೆಂದು ಹಿಂದಿನ ಸಂಜೆಯೇ ಗೊತ್ತಿದ್ದರೂ ಅದನ್ನು ಎದುರುಗೊಳ್ಳುವ ಬಗೆ ಹೇಗೆಂಬುದನ್ನು ಅವನು ತೀರ್ಮಾನಿಸಲಿಲ್ಲ. ಅದನ್ನು ಅಧಿಕಾರಿಗಳಿಗೆ ಬಿಟ್ಟ. ಇದರ ನಂತರ ಹತ್ತು ದಿನಕ್ಕೆ ಪೊಲೀಸರು ಆರಿಸಿ ಕರೆತಂದ ಕಾರ್ಮಿಕರ ತಂಡವೊಂದನ್ನು ಬರಮಾಡಿಕೊಂಡು, ಅವರ ತಪ್ಪನ್ನು ತಾನು ಕ್ಷಮಿಸಿರುವುದಾಗಿ ಹೇಳಿದ. ಸತ್ತವರ ಕಡೆಯವರನ್ನು ಕ್ಷಮಿಸುತ್ತೇನೆ ಎನ್ನುವ ಮಾತಿನ ಕ್ರೌರ್ಯ ಅವನಿಗೆ ಹೊಳೆಯಲೇ ಇಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. 1896ರಲ್ಲಿ ಪಟ್ಟಾಭಿಷೇಕದ ಸಂಭ್ರಮಕ್ಕೆಂದು ಮಾಸ್ಕೋದ ಖೊಡಿಂಕಾ ಬಯಲಿನಲ್ಲಿ ಸೇರಿದ್ದ ಜನರು ನೂಕುನುಗ್ಗಲಿನಲ್ಲಿ ಸತ್ತಾಗಲೂ ಹೀಗೇ ಆಗಿತ್ತು. ಅಧಿಕೃತ ಲೆಕ್ಕದಲ್ಲೇ 1,389 ಜನ ಸತ್ತ ಆ ದಿನದ ರಾತ್ರಿ ಅವನು ಫ್ರೆಂಚ್ ರಾಯಭಾರಿಯ ನೃತ್ಯಕೂಟಕ್ಕೆ ಹೋದ. ಅವನಿಗೆ ದುಃಖವಾಗಿತ್ತು, ಮರುದಿನ ಆಸ್ಪತ್ರೆಗೆ ಹೋಗಿ ಗಾಯಾಳುಗಳನ್ನು ಕಂಡ; ಆದರೆ ಹಿರಿಯ ಬಂಧುಗಳು ಹೋಗಲೇಬೇಕೆಂದಾಗ ‘ಒಲ್ಲೆ’ ಎನ್ನಲಾಗಲಿಲ್ಲ. ಜನರಿಗೆ ಕಂಡದ್ದು ಒಳಗಿನ ದುಃಖವಲ್ಲ, ಹೊರಗಿನ ನೃತ್ಯಕೂಟ.

ಅದೇ 1905ರ ಅಕ್ಟೋಬರ್‌ನಲ್ಲಿ, ಜಪಾನಿನೆದುರು ನೌಕಾಪಡೆಯನ್ನು ಕಳೆದುಕೊಂಡು, ದೇಶವ್ಯಾಪಿ ಮುಷ್ಕರದಿಂದ ರೈಲುಗಳೂ ನಿಂತುಹೋದಾಗ ಅವನ ಮುಂದೆ ಎರಡೇ ದಾರಿಗಳಿದ್ದವು: ಸೈನಿಕ ಸರ್ವಾಧಿಕಾರ ಅಥವಾ ಸಂವಿಧಾನ. ಸರ್ವಾಧಿಕಾರಿಯಾಗಬೇಕೆಂದು ಅವನು ನೆಚ್ಚಿಕೊಂಡಿದ್ದ ಬಂಧು, ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್ ನಿಕೊಲಾಯೆವಿಚ್, ಸುಧಾರಣೆಯ ಪತ್ರಕ್ಕೆ ಸಹಿ ಬೀಳದಿದ್ದರೆ ತನಗೆ ತಾನೇ ಗುಂಡು ಹಾರಿಸಿಕೊಳ್ಳುವೆನೆಂದು ಹಟ ಹಿಡಿದದ್ದನ್ನು ಆಸ್ಥಾನದವರು ದಾಖಲಿಸಿದ್ದಾರೆ. 17ರಂದು ಸಹಿ ಬಿತ್ತು. ನಾಗರಿಕ ಸ್ವಾತಂತ್ರ್ಯವನ್ನೂ, ಡ್ಯೂಮಾ ಎಂಬ ಚುನಾಯಿತ ಸಭೆಯ ಒಪ್ಪಿಗೆಯಿಲ್ಲದೆ ಯಾವ ಕಾನೂನೂ ಜಾರಿಯಾಗುವುದಿಲ್ಲವೆಂಬ ಭರವಸೆಯನ್ನೂ ಆ ಘೋಷಣೆ ಕೊಟ್ಟಿತು.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಮುಂದಿನ ಎರಡು ವರ್ಷಗಳಲ್ಲಿ. ಭಯದಿಂದ ಕೊಟ್ಟದ್ದನ್ನು ಭಯ ಹೋದಮೇಲೆ ವಾಪಸು ತೆಗೆದುಕೊಳ್ಳುವ ಕೆಲಸ ಆಗ ನಡೆಯಿತು. ಡ್ಯೂಮಾ ಸೇರುವ ನಾಲ್ಕು ದಿನ ಮೊದಲು, 1906ರ ಏಪ್ರಿಲ್ 23ರಂದು, ಹೊರಬಂದ ಮೂಲ ಕಾನೂನುಗಳಲ್ಲಿ ಅರಸನ ಅಧಿಕಾರವನ್ನು ಮತ್ತೆ ‘ಪರಮ ನಿರಂಕುಶ ಅಧಿಕಾರ’ ಎಂದೇ ಕರೆಯಲಾಯಿತು; ‘ಅಪರಿಮಿತ’ ಎಂಬ ಒಂದು ವಿಶೇಷಣವನ್ನು ಬಿಡುವುದಕ್ಕೇ ಅವನು ಬಹಳ ಹೊಯ್ದಾಡಿದ. ಡ್ಯೂಮಾ ಸೇರದಿರುವಾಗ ಆಜ್ಞೆಗಳ ಮೂಲಕ ಆಳಲು 87ನೇ ವಿಧಿ ಅವಕಾಶ ಕೊಟ್ಟಿತು. ಮೊದಲ ಡ್ಯೂಮಾ ಎರಡೂವರೆ ತಿಂಗಳೂ ಬಾಳಲಿಲ್ಲ. ಎರಡನೆಯದನ್ನು 1907ರ ಜೂನ್ 3ರಂದು ವಿಸರ್ಜಿಸಿ, ಅದರ ಒಪ್ಪಿಗೆಯಿಲ್ಲದೆ ಕಾನೂನಾಗದು ಎಂದು ತಾನೇ ಕೊಟ್ಟ ಮಾತನ್ನು ಮುರಿದು, ಭೂಮಾಲೀಕರ ಮತಕ್ಕೆ ಹೆಚ್ಚು ಬೆಲೆ ಬರುವಂತೆ ಚುನಾವಣಾ ಕಾನೂನನ್ನೇ ಬದಲಿಸಲಾಯಿತು. ಏನನ್ನೂ ಕೊಡದ ಅರಸನನ್ನು ಜನ ಭಯದಿಂದಾದರೂ ಸಹಿಸಬಹುದು. ಕೊಟ್ಟ ಮಾತಿಗೆ ನಿಂತವನನ್ನು ವಿಶ್ವಾಸದಿಂದ ಒಪ್ಪಬಹುದು. ಕೊಟ್ಟು ಕಿತ್ತುಕೊಂಡವನ ಬಗ್ಗೆ ಭಯವೂ ಉಳಿಯುವುದಿಲ್ಲ, ವಿಶ್ವಾಸವೂ ಉಳಿಯುವುದಿಲ್ಲ. ಒತ್ತಡ ಹಾಕಿದರೆ ಮಣಿಯುತ್ತಾನೆ, ಒತ್ತಡ ಸಡಿಲವಾದರೆ ಮಾತು ತಪ್ಪುತ್ತಾನೆ ಎಂಬ ಎರಡು ಪಾಠಗಳನ್ನು ಅವನೇ ಪ್ರಜೆಗಳಿಗೆ ಕಲಿಸಿದ. ಫ್ರಾನ್ಸಿನ ಹದಿನಾರನೇ ಲೂಯಿಯೂ ಇದನ್ನೇ ಮಾಡಿದ್ದ: ಜನಪ್ರಿಯ ಮಂತ್ರಿ ನೆಕರ್‌ನನ್ನು 1789ರ ಜುಲೈ 11ರಂದು ವಜಾ ಮಾಡಿ, 14ರಂದು ಬ್ಯಾಸ್ಟಿಲ್ ಬಿದ್ದಮೇಲೆ ವಾಪಸು ಕರೆಸಿಕೊಂಡ.

ಸ್ಟೊಲಿಪಿನ್ ರೈತರಿಗೆ ಸ್ವಂತ ಹಿಡುವಳಿ ಕೊಡಿಸಿ ಗಟ್ಟಿ ನೆಲೆಯೊಂದನ್ನು ಕಟ್ಟಲು ಯತ್ನಿಸಿದ. ಅದಕ್ಕೆ ಎರಡು ದಶಕಗಳ ಶಾಂತಿ ಬೇಕೆಂದು ಅವನೇ ಹೇಳುತ್ತಿದ್ದ; ಸಿಕ್ಕದ್ದು ಎಂಟು ವರ್ಷ ಮಾತ್ರ. 1911ರಲ್ಲಿ ಕೀವ್‌ನ ನಾಟಕಶಾಲೆಯಲ್ಲಿ ಅವನು ಹಂತಕನ ಗುಂಡಿಗೆ ಸಿಕ್ಕುವ ಹೊತ್ತಿಗಾಗಲೇ ಅರಮನೆಯ ಒಲವು ಅವನಿಂದ ದೂರ ಸರಿದಿತ್ತು.

ಇಷ್ಟಾದರೂ 1914ರಲ್ಲಿ ಯುದ್ಧ ಬಾರದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಮುಕ್ತವಾಗಿಯೇ ಇದೆ. ಜರ್ಮನಿಯೊಡನೆ ಕಾದಾಡಿ ಸೋತರೆ ಸಾಮಾಜಿಕ ಕ್ರಾಂತಿ ತಪ್ಪದೆಂದು ಮಾಜಿ ಒಳಾಡಳಿತ ಮಂತ್ರಿ ಡುರ್ನೊವೊ ಅದೇ ವರ್ಷದ ಫೆಬ್ರುವರಿಯಲ್ಲಿ ಲಿಖಿತ ಎಚ್ಚರಿಕೆ ಕೊಟ್ಟಿದ್ದ. ಯುದ್ಧ ಶುರುವಾದೊಡನೆ ಮದ್ಯಮಾರಾಟ ನಿಷೇಧಿಸಿದ್ದರಿಂದ ಸರ್ಕಾರದ ವರಮಾನದ ಸುಮಾರು ಕಾಲುಭಾಗ ಒಮ್ಮೆಗೇ ಕೈಬಿಟ್ಟುಹೋಯಿತು. 1915ರ ಬೇಸಿಗೆಯಲ್ಲಿ ಮದ್ದುಗುಂಡುಗಳ ಕೊರತೆಯಿಂದ ಸೈನ್ಯ ಪೋಲೆಂಡನ್ನು ಬಿಟ್ಟು ಹಿಮ್ಮೆಟ್ಟಿದಾಗ ನಿಕೋಲಾಸ್ ತನ್ನ ಜೀವನದ ಅತ್ಯಂತ ದೊಡ್ಡ ತಪ್ಪು ನಿರ್ಧಾರವನ್ನು ಕೈಗೊಂಡ. ಸೇನಾಧಿಪತಿಯಾಗಿದ್ದ ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್ ನಿಕೊಲಾಯೆವಿಚ್‌ನನ್ನು ತೆಗೆದು, ಆಗಸ್ಟ್‌ನಲ್ಲಿ ತಾನೇ ಆ ಸ್ಥಾನಕ್ಕೆ ಬಂದು, ರಾಜಧಾನಿಯಿಂದ ದೂರದ ಮೊಗಿಲೆವ್‌ನ ಸೇನಾ ಕೇಂದ್ರದಲ್ಲಿ ನೆಲೆಸಿದ. ಬೇಡವೆಂದು ಎಂಟು ಮಂತ್ರಿಗಳು ಪತ್ರ ಬರೆದರು. ಯಾರ ಮಾತಿಗಾದರೂ ಬಾಗುವವನು ಈ ಒಂದು ವಿಷಯದಲ್ಲಿ ಬಾಗಲಿಲ್ಲ. ಸೈನಿಕರ ಜೊತೆಗಿರುವುದು ಅರಸನ ಧರ್ಮವೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಆದರೆ ಅಲ್ಲಿಂದಾಚೆಗೆ ರಣರಂಗದ ಪ್ರತಿಯೊಂದು ಸೋಲೂ ಅವನ ಹೆಸರಿಗೇ ಬರೆಯಲ್ಪಟ್ಟಿತು, ರಾಜಧಾನಿಯ ಆಡಳಿತ ಅವನ ಕೈಯಿಂದ ಜಾರಿತು.

ಜಾರಿದ ಆ ಆಡಳಿತದಲ್ಲಿ ರಾಣಿ ಅಲೆಕ್ಸಾಂಡ್ರಾ ಕೈಹಾಕಿದಳು, ಅವಳ ಹಿಂದೆ ಸೈಬೀರಿಯಾದ ರೈತ ರಾಸ್ಪುಟಿನ್ ಇದ್ದ. ರಾಸ್ಪುಟಿನ್‌ನ ಪ್ರಭಾವದ ಬಗ್ಗೆ ಹಬ್ಬಿದ ಕಥೆಗಳಲ್ಲಿ ಬಹುಪಾಲು ಉತ್ಪ್ರೇಕ್ಷೆಯೆಂದೇ ನನ್ನ ಅಭಿಪ್ರಾಯ. ಆದರೆ ಆ ಕಥೆಗಳು ಬೆಳೆಯಲು ಬೇಕಾದ ಕತ್ತಲೆಯನ್ನು ಅರಮನೆಯೇ ಒದಗಿಸಿತು. 1904ರಲ್ಲಿ ಹುಟ್ಟಿದ ಒಬ್ಬನೇ ಮಗ ಅಲೆಕ್ಸಿಗೆ, ರಕ್ತ ಹೆಪ್ಪುಗಟ್ಟದ ಹಿಮೋಫೀಲಿಯಾ ಕಾಯಿಲೆಯಿತ್ತು. ನೋವಿನಿಂದ ನರಳುವ ಮಗುವನ್ನು ಸಮಾಧಾನಪಡಿಸಬಲ್ಲವನೆಂದು ತಾಯಿ ಆ ಸೈಬೀರಿಯಾದ ರೈತನನ್ನು ನಂಬಿದಳು. ಕಾಯಿಲೆಯ ಸುದ್ದಿ ರಾಜ್ಯರಹಸ್ಯವಾಗಿದ್ದ ಕಾರಣ, ಅಂಥವನೊಬ್ಬ ಅರಮನೆಗೆ ಬಂದುಹೋಗುವುದೇಕೆ ಎಂಬುದಕ್ಕೆ ಜನರಿಗೆ ಕೆಟ್ಟ ಕಾರಣಗಳೇ ತೋಚಿದವು. ಒಂದೂವರೆ ವರ್ಷದೊಳಗೆ ಗೊರೆಮಿಕಿನ್, ಸ್ಟ್ಯೂರ್ಮರ್, ಟ್ರೆಪೊವ್, ಗೊಲಿಟ್ಸಿನ್ ಎಂದು ನಾಲ್ವರು ಪ್ರಧಾನಿಗಳು ಆಗಿಹೋದರು. ಒಳಾಡಳಿತ ಖಾತೆ ಅದಕ್ಕಿಂತ ಹೆಚ್ಚು ಕೈಗಳನ್ನು ದಾಟಿತು. 1916ರ ನವೆಂಬರ್ 1ರಂದು ಡ್ಯೂಮಾದಲ್ಲಿ ಮಿಲ್ಯುಕೊವ್ ಸರ್ಕಾರದ ಒಂದೊಂದೇ ವೈಫಲ್ಯವನ್ನು ಎತ್ತಿ, ಇದು ಮೂರ್ಖತನವೋ ದ್ರೋಹವೋ ಎಂದು ಮತ್ತೆ ಮತ್ತೆ ಕೇಳಿದ. ಹಾಗೆ ಕೇಳಿದವನು ಅರಸೊತ್ತಿಗೆಯನ್ನು ಸಾಂವಿಧಾನಿಕವಾಗಿ ಉಳಿಸಿಕೊಳ್ಳಬೇಕೆಂದಿದ್ದ ಉದಾರವಾದಿ. ಡಿಸೆಂಬರ್‌ನಲ್ಲಿ ರಾಸ್ಪುಟಿನ್‌ನನ್ನು ಕೊಂದ ಗುಂಪಿನಲ್ಲಿ ಝಾರ್‌ನ ಸ್ವಂತ ಬಂಧುವೂ ಕಟ್ಟಾ ರಾಜಪಕ್ಷಪಾತಿಯಾದ ಡ್ಯೂಮಾ ಸದಸ್ಯನೂ ಇದ್ದರು. ಸಿಂಹಾಸನದ ಆಪ್ತರೇ ಹೀಗೆ ಅರಸನ ಕೈಮೀರಿ ನಡೆಯತೊಡಗಿದ್ದರು.

ಆಗ ಕ್ರಾಂತಿಕಾರಿಗಳು ಏನು ಮಾಡುತ್ತಿದ್ದರು? ಅವರ ನಾಯಕರಲ್ಲಿ ಹೆಚ್ಚಿನವರು ಸೈಬೀರಿಯಾದಲ್ಲಿದ್ದರು ಅಥವಾ ದೇಶದ ಹೊರಗಿದ್ದರು. 1917ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಯುವಕರ ಮುಂದೆ ಮಾತನಾಡಿದ ಲೆನಿನ್, ಮುಂಬರುವ ಕ್ರಾಂತಿಯ ನಿರ್ಣಾಯಕ ಕದನಗಳನ್ನು ತಮ್ಮಂಥ ಹಿರಿಯರು ಬದುಕಿದ್ದು ಕಾಣಲಿಕ್ಕಿಲ್ಲವೆಂದು ಹೇಳಿದ್ದ. ಅದಾಗಿ ಎರಡು ತಿಂಗಳು ತುಂಬುವುದರೊಳಗೆ ಪೆಟ್ರೊಗ್ರಾಡ್‌ನ (ಯುದ್ಧಕಾಲದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಇಟ್ಟ ಹೆಸರು) ಬಟ್ಟೆ ಗಿರಣಿಗಳ ಹೆಣ್ಣುಮಕ್ಕಳು ಬ್ರೆಡ್ ಕೇಳುತ್ತಾ ಬೀದಿಗಿಳಿದರು.

ಫೆಬ್ರುವರಿ 22ರಂದು ನಿಕೋಲಾಸ್ ಮೊಗಿಲೆವ್‌ಗೆ ಹೊರಟುಹೋಗಿದ್ದ. ಮುಷ್ಕರ ಮೊದಲಾದದ್ದು 23ರಂದು. 25ರ ಹೊತ್ತಿಗೆ ನಗರವೇ ಸ್ತಬ್ಧವಾದಾಗ, ಗಲಭೆಯನ್ನು ನಾಳೆಯೇ ನಿಲ್ಲಿಸತಕ್ಕದ್ದು ಎಂದು ಅವನು ಸೇನಾಪತಿ ಖಬಾಲೊವ್‌ಗೆ ತಂತಿ ಕಳುಹಿಸಿದ. ಅಲ್ಲಿಯವರೆಗೆ ಜನರ ಜೊತೆ ಸಂಯಮದಿಂದಿದ್ದ ಸೈನಿಕರಿಗೆ ಈ ತಂತಿಯಿಂದಾಗಿ 26ರಂದು ಗುಂಡು ಹಾರಿಸಬೇಕಾಗಿ ಬಂತು. ಅವರು 1905ರ ಪಳಗಿದ ದಳಗಳಲ್ಲ. ಆ ದಳಗಳು ರಣರಂಗದಲ್ಲಿ ಮಣ್ಣಾಗಿದ್ದವು. ಬ್ಯಾರಕ್‌ಗಳಲ್ಲಿ ತುಂಬಿದ್ದವರು ಹೊಸದಾಗಿ ಸೇರಿಸಿಕೊಂಡ ರೈತರು ಮತ್ತು ಕಾರ್ಮಿಕರು. ರಾತ್ರಿಯೆಲ್ಲ ತಮ್ಮೊಳಗೇ ಮಾತಾಡಿಕೊಂಡು 27ರ ಬೆಳಿಗ್ಗೆ ವೊಲಿನ್ಸ್ಕಿ ದಳದವರು ದಂಗೆಯೆದ್ದರು, ಸಂಜೆಯೊಳಗೆ ರಾಜಧಾನಿ ಕೈತಪ್ಪಿತು. ಜನರ ವಿಶ್ವಾಸವುಳ್ಳ ಮಂತ್ರಿಮಂಡಲವನ್ನು ಕೂಡಲೇ ರಚಿಸಿರೆಂದು ಡ್ಯೂಮಾದ ಅಧ್ಯಕ್ಷ ರೊಡ್ಜಿಯಾಂಕೊ ಮೇಲಿಂದ ಮೇಲೆ ಕಳುಹಿಸಿದ ತಂತಿಗಳಿಗೆ ಅರಸನಿಂದ ಡ್ಯೂಮಾದ ಅಧಿವೇಶನವನ್ನು ಮುಂದೂಡುವ ಆಜ್ಞೆಯೇ ಉತ್ತರವಾಗಿ ಬಂದಿತ್ತು.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇದು: ರಷ್ಯಾ ಬದಲಾಗುವುದಂತೂ ಖಚಿತವಾಗಿತ್ತು, ಆ ಬದಲಾವಣೆ ಅರಸನಿಲ್ಲದೆ, ಅರಸನ ವಿರುದ್ಧವಾಗಿ, ಅಷ್ಟು ಹಠಾತ್ತಾಗಿ ಆಗಬೇಕೆಂಬುದು ಖಚಿತವಾಗಿರಲಿಲ್ಲ. 1895, 1906 ಮತ್ತು 1915ರಲ್ಲಿ ಮಧ್ಯಮಮಾರ್ಗದವರು ಚಾಚಿದ ಕೈಯನ್ನು ಅವನು ಹಿಡಿಯದೆ ಹೋದದ್ದು ವ್ಯಕ್ತಿಯೊಬ್ಬನ ನಿರ್ಧಾರ, ಇತಿಹಾಸದ ನಿಯಮವಲ್ಲ. ಅದರ ಪರಿಣಾಮ ಕಣ್ಣಿಗೆ ಕಂಡದ್ದು ಮಾರ್ಚ್ 2ರಂದು. ಬೀದಿಯ ಜನ ಪೆಟ್ರೊಗ್ರಾಡ್‌ನಲ್ಲಿದ್ದರು, ನಿಕೋಲಾಸ್ ಪ್ಸ್ಕೊವ್ ನಿಲ್ದಾಣದಲ್ಲಿ ನಿಂತ ತನ್ನ ರೈಲಿನಲ್ಲಿದ್ದ. ಅವನ ಸುತ್ತ ಒಬ್ಬ ಕ್ರಾಂತಿಕಾರಿಯೂ ಇರಲಿಲ್ಲ. ಸಿಂಹಾಸನ ಬಿಡಬೇಕೆಂಬ ಸಲಹೆ ಬಂದದ್ದು ಅವನದೇ ಸೇನಾನಾಯಕರಿಂದ. ಮುಖ್ಯ ಸೇನಾಧಿಕಾರಿ ಅಲೆಕ್ಸೆಯೆವ್ ಎಲ್ಲ ರಣರಂಗಗಳ ಸೇನಾಪತಿಗಳ ಅಭಿಪ್ರಾಯವನ್ನು ತಂತಿಯ ಮೂಲಕ ತರಿಸಿದ್ದ. ಆ ತಂತಿಗಳಲ್ಲಿ ಒಂದು ಕಾಕಸಸ್‌ನಿಂದ ಬಂದಿತ್ತು. 1905ರಲ್ಲಿ ಸಹಿ ಹಾಕೆಂದು ಹಟ ಹಿಡಿದಿದ್ದ, 1915ರಲ್ಲಿ ಪದವಿ ಕಳೆದುಕೊಂಡು ಅಲ್ಲಿಗೆ ಕಳುಹಿಸಲ್ಪಟ್ಟಿದ್ದ ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್ ನಿಕೊಲಾಯೆವಿಚ್, ಸಿಂಹಾಸನವನ್ನು ಮಗನಿಗೆ ಒಪ್ಪಿಸಿ ರಷ್ಯಾವನ್ನು ಉಳಿಸಬೇಕೆಂದು ಅದರಲ್ಲಿ ಮೊಣಕಾಲೂರಿ ಬೇಡಿಕೊಂಡಿದ್ದ. ನಿಕೋಲಾಸ್ ಆ ತಂತಿಗಳನ್ನು ಓದಿ, ರಾಜ್ಯತ್ಯಾಗಕ್ಕೆ ಒಪ್ಪಿಕೊಂಡ.